ಮನೆವಾರ್ತೆ: ಬಿಟ್ಟ ಕುರ್ಚಿಯ ನೆನಪು



ಕಳೆದ ಸಂಚಿಕೆಯಲ್ಲಿ ನಾವು ಪರಸ್ಥಳದಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸುವ ವಿಚಾರವನ್ನು ಹರಟಿದ್ದೆವು. ಈ ಸಲ ಮಕ್ಕಳನ್ನು ಅವರ ಪಾಟಿಯೊಡನೆ ಬಿಟ್ಟು, ಮನೆಯ ಯಜಮಾನರ ಒಂದು ಸಂಕಟಕ್ಕೆ ಬರೋಣ. ಈಗಿನ ಕಾಲದಲ್ಲಿ ಇದು ಯಜಮಾನತಿಯರ ಸಂಕಟವೂ ಹೌದು.

ನೌಕರಿ ಸಿಕ್ಕದವನ ದುಃಖ ಊರಿಗೆಲ್ಲ ಗೊತ್ತು. ಇದ್ದ ನೌಕರಿ ಕಳೆದುಕೊಂಡವನಿಗೆ ಎರಡು ಒಳ್ಳೆಯ ಮಾತು ಹೇಳುವವರೂ ಉಂಟು. ಆದರೆ ಹೆಚ್ಚು ಪಗಾರದ ಹೊಸ ನೌಕರಿ ಹಿಡಿದು, ನೆರೆಹೊರೆಗೆಲ್ಲ ಪೇಢೆ ಹಂಚಿ, ಮೂರು ತಿಂಗಳು ಕಳೆಯುವುದರೊಳಗೆ ‘ಹಳೆಯದೇ ಚೆನ್ನಾಗಿತ್ತಲ್ಲಾ’ ಎಂದು ನಡುರಾತ್ರಿಯಲ್ಲಿ ಹೊರಳಾಡುವವನ ದುಃಖವನ್ನು ಮಾತ್ರ ಕೇಳುವವರಿಲ್ಲ. ಹೇಳಿಕೊಂಡರೆ ನಗುತ್ತಾರೆ. “ಸಂಬಳ ಹೆಚ್ಚಾಯಿತೆಂದು ಅಳುವವನನ್ನು ಇವತ್ತೇ ಕಂಡೆ” ಎಂದು ಚುಚ್ಚುತ್ತಾರೆ. ಪೇಢೆ ತಿಂದ ಬಾಯಿಗಳೇ ಅವು! ಹೀಗಾಗಿ ಆತ ಸಂಘದ ಕಾರ್ಯಕ್ರಮಕ್ಕೆ ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು, ಉಪ್ಪಿಟ್ಟು ತಿಂದು, ಹೆಚ್ಚು ಮಾತಾಡದೆ ಮನೆಗೆ ಹೋಗುತ್ತಾನೆ. ಅಂತಹವರಿಗಾಗಿಯೇ ಈ ಸಲದ ಮನೆವಾರ್ತೆ.

ಮೊದಲಿಗೆ ಒಂದು ಮಾತು. ಹೆಚ್ಚಿನ ದುಡಿಮೆಯನ್ನು ಅರಸಿ ಹೋಗುವುದನ್ನು ಹೀಗಳೆಯುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ನಾವೆಲ್ಲರೂ ಹಾಗೆ ಹೊರಟು ಬಂದವರ ಸಂತಾನವೇ. ಕರಾವಳಿಯಿಂದ ಬಂದು ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ಬ್ಯಾಂಕಿಗೋ ವಕೀಲಿಗೋ ಏರಿದವರ ಹೊಟ್ಟೆಯಲ್ಲಿ ಹುಟ್ಟಿದವರು ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರು ‘ಇದ್ದಲ್ಲೇ ಸುಖ’ ಎಂದುಕೊಂಡಿದ್ದರೆ ಈ ಸಂಘವೂ ಇರುತ್ತಿರಲಿಲ್ಲ, ಈ ಪತ್ರಿಕೆಯೂ ಇರುತ್ತಿರಲಿಲ್ಲ. ಆದಕಾರಣ ಹೊಸ ನೌಕರಿಗೆ ಹೋದದ್ದು ದುರಾಸೆಯೆಂಬ ತೀರ್ಪನ್ನು ನಾವು ಕೊಡುವುದಿಲ್ಲ. ಹೋದ ಮೇಲೆ ಮನಸ್ಸು ಹಿಂದಕ್ಕೆ ಎಳೆಯುತ್ತದಲ್ಲ, ಅದಕ್ಕೆ ಏನು ಮಾಡಬೇಕೆಂಬುದೇ ಇಲ್ಲಿಯ ವಿಚಾರ.

ಹಳೆಯ ಕಚೇರಿ ನಮಗೆ ಕೊಡುತ್ತಿದ್ದುದೆಲ್ಲ ಪಗಾರದ ಚೀಟಿಯಲ್ಲಿ ಬರೆದಿರುವುದಿಲ್ಲ. ಯಾವ ಕಡತ ಯಾವ ಕಪಾಟಿನಲ್ಲಿದೆ ಎಂಬ ತಿಳಿವಳಿಕೆ, ಸಾಹೇಬರ ಮುಖ ನೋಡಿಯೇ ಇವತ್ತು ರಜೆ ಕೇಳಬಹುದೋ ಬಾರದೋ ಎಂದು ಅಳೆಯುವ ಚಾತುರ್ಯ, ‘ಇದನ್ನು ಅವರನ್ನೇ ಕೇಳಿ’ ಎಂದು ನಾಲ್ಕು ಜನ ನಮ್ಮ ಕಡೆಗೆ ಬೆರಳು ತೋರಿಸುವಾಗ ಆಗುವ ಸಣ್ಣ ಸಂತೋಷ, ಇವೆಲ್ಲ ಹತ್ತಾರು ವರ್ಷ ಕುಳಿತು ಸಂಪಾದಿಸಿದ ಆಸ್ತಿ. ಹೊಸ ಕಚೇರಿಗೆ ಹೋಗುವಾಗ ಈ ಆಸ್ತಿಯನ್ನು ಗಂಟು ಕಟ್ಟಿ ಒಯ್ಯಲು ಬರುವುದಿಲ್ಲ. ಅಲ್ಲಿ ನಲವತ್ತು ದಾಟಿದವನೂ ಮೊದಲ ದಿನ ನೀರಿನ ಹೂಜಿ ಎಲ್ಲಿದೆಯೆಂದು ಕೇಳಬೇಕು. ಪಗಾರ ಹೆಚ್ಚಿತೆಂಬುದು ತಿಂಗಳಿಗೆ ಒಂದು ದಿನ ತಿಳಿಯುತ್ತದೆ. ತಾನು ಇಲ್ಲಿ ಹೊಸಬನೆಂಬುದು ಉಳಿದ ದಿನಗಳೆಲ್ಲ ತಿಳಿಯುತ್ತಿರುತ್ತದೆ.

ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರದ ಕಚೇರಿಯಲ್ಲಿ 1792ರಿಂದ 1825ರವರೆಗೆ 33 ವರ್ಷ ಗುಮಾಸ್ತಗಿರಿ ಮಾಡಿದವನು. ಆ ಕೆಲಸವನ್ನು ಅವನಷ್ಟು ಶಪಿಸಿದವರು ಕಡಿಮೆ. ಕಡೆಗೆ ಕಂಪನಿಯವರು ಒಳ್ಳೆಯ ನಿವೃತ್ತಿ ವೇತನವನ್ನೇ ಕೊಟ್ಟು ಅವನನ್ನು ಮನೆಗೆ ಕಳಿಸಿದರು. ಅದೇ ವರ್ಷ ಅವನು ಆ ಬಿಡುಗಡೆಯ ಬಗ್ಗೆಯೇ ಒಂದು ಪ್ರಬಂಧವನ್ನು ಬರೆದ. ಅದರಲ್ಲಿ ನಿವೃತ್ತನಾದ ಗುಮಾಸ್ತನು ಹಳೆಯ ಗೆಳೆಯರನ್ನು ಕಾಣಲು ಕಚೇರಿಗೆ ಹೋಗುತ್ತಾನೆ. ಅವನ ಮೇಜೂ ಬೇರೆಯವರ ಪಾಲಾಗಿದೆ, ಟೋಪಿ ತೂಗುಹಾಕುತ್ತಿದ್ದ ಗೂಟವೂ ಬೇರೆಯವರ ಪಾಲಾಗಿದೆ. ಹಾಗಾಗುವುದು ಸಹಜವೆಂದು ಅವನಿಗೆ ಗೊತ್ತು; ಆದರೂ ಮನಸ್ಸಿಗೆ ಚುರುಕ್ಕೆನ್ನುತ್ತದೆ. ಇನ್ನೂರು ವರ್ಷಗಳ ಹಿಂದಿನ ಆ ಗೂಟ ಇವತ್ತಿಗೂ ನಮ್ಮೆಲ್ಲರ ಕಚೇರಿಗಳಲ್ಲಿ ಇದೆ.

ಈ ಚುರುಕನ್ನು ಪಂಡಿತರೂ ಅಳೆದು ನೋಡಿದ್ದಾರೆ. 2005ರಲ್ಲಿ ಬಾಸ್ವೆಲ್, ಬೌಡ್ರೋ ಮತ್ತು ಟಿಚಿ ಎಂಬ ಮೂವರು ಅಮೆರಿಕದ ವಿದ್ವಾಂಸರು ಮೇಲ್ದರ್ಜೆಯ ಅಧಿಕಾರಿಗಳನ್ನು ಐದು ವರ್ಷಗಳ ಕಾಲ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದರು. ಕೆಲಸ ಬದಲಾಯಿಸುವ ಮುನ್ನ ತೃಪ್ತಿ ಕುಗ್ಗಿರುತ್ತದೆ. ಬದಲಾಯಿಸಿದೊಡನೆ ಥಟ್ಟನೆ ಏರುತ್ತದೆ. ತರುವಾಯ ಮತ್ತೆ ಇಳಿಯುತ್ತದೆ. ಮದುವೆಯ ಹೊಸದರ ಸಂಭ್ರಮಕ್ಕೂ ಮರುದಿನದ ತಲೆಭಾರಕ್ಕೂ ಅವರು ಇದನ್ನು ಹೋಲಿಸಿದರು. ಅಂದರೆ ಮೂರನೆಯ ತಿಂಗಳಿನಲ್ಲಿಯೋ ಆರನೆಯ ತಿಂಗಳಿನಲ್ಲಿಯೋ ಮನಸ್ಸು ಮಂಕಾದರೆ ಹೊಸ ಕೆಲಸ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಒಳ್ಳೆಯ ಕೆಲಸದಲ್ಲಿಯೂ ಆ ಇಳಿತ ಬರುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಗಿಲೋವಿಚ್ ಮತ್ತು ಮೆಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪಶ್ಚಾತ್ತಾಪದ ಬಗೆಯನ್ನೇ ವಿಚಾರಿಸಿ ಬರೆದರು. ಹೊಸದರಲ್ಲಿ ಮನುಷ್ಯನನ್ನು ಕಾಡುವುದು ತಾನು ಮಾಡಿದ ಕೆಲಸದ ಪಶ್ಚಾತ್ತಾಪ. ವರ್ಷಗಳು ಉರುಳಿದ ಮೇಲೆ ಹೆಚ್ಚಾಗಿ ಕಾಡುವುದು ಮಾಡದೆ ಬಿಟ್ಟ ಕೆಲಸದ ಪಶ್ಚಾತ್ತಾಪ. ಈ ಮಾತು ಎರಡು ಅಲಗಿನ ಕತ್ತಿಯಂತಿದೆ. ಇವತ್ತಿನ ಸಂಕಟ ನಾಳೆ ಕುಗ್ಗೀತೆಂದು ಅದು ಧೈರ್ಯ ಹೇಳುತ್ತದೆ. ಹಿಂದಕ್ಕೆ ಹೋಗುವ ಬಾಗಿಲು ತೆರೆದಿದ್ದೂ ತಟ್ಟದೆ ಬಿಟ್ಟರೆ, ಆ ತಟ್ಟದಿದ್ದುದೇ ಹತ್ತು ವರ್ಷಗಳ ಮೇಲೆ ಚುಚ್ಚೀತೆಂದೂ ಎಚ್ಚರಿಸುತ್ತದೆ. ಹಾಗಾದರೆ ಕಾಯಬೇಕೋ, ತಟ್ಟಬೇಕೋ? ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ, ಅವರವರ ಮನೆಯಲ್ಲಿ ಇದೆ. ನಮಗೆ ಗೊತ್ತಿರುವ ಮೂರು ಮನೆಗಳ ಕಥೆಯನ್ನು ಹೇಳುತ್ತೇವೆ.

ಮೊದಲನೆಯವರು ಧಾರವಾಡದ ಕಡೆಯವರು. ಪುಣೆಯ ಪಿಂಪ್ರಿ-ಚಿಂಚವಾಡದ ಒಂದು ಬಿಡಿಭಾಗಗಳ ಕಾರಖಾನೆಯ ಖರೀದಿ ವಿಭಾಗದಲ್ಲಿ 16 ವರ್ಷ ದುಡಿದವರು. ತಿಂಗಳಿಗೆ 60,000 ರೂಪಾಯಿ ಕೈಗೆ ಬರುತ್ತಿತ್ತು. 2023ರ ಜೂನ್ ತಿಂಗಳಿನಲ್ಲಿ ಹೈದರಾಬಾದಿನ ಒಂದು ದೊಡ್ಡ ಸಂಸ್ಥೆಯವರು 85,000 ಕೊಡುತ್ತೇವೆಂದು ಕರೆದರು. ನೂರಕ್ಕೆ ಸುಮಾರು 42ರಷ್ಟು ಹೆಚ್ಚಳ! ಬೇಡವೆನ್ನುವ ಗಂಡಸು ಯಾರು? ಕಾಚಿಗುಡದ ಹತ್ತಿರ, ನಾಲ್ಕು ಕನ್ನಡದ ಮನೆಗಳಿರುವ ಕಡೆ, ಬಾಡಿಗೆಗೆ ಮನೆ ಹಿಡಿದರು. ಕಚೇರಿ ಗಚ್ಚಿಬೌಲಿಯಲ್ಲಿ, ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು.

ದಸರೆಗೆ ಪುಣೆಗೆ ಬಂದಾಗ ನಮ್ಮನ್ನು ಕಂಡರು. ಕ್ಷೇಮ ಸಮಾಚಾರ ಮುಗಿಯುವುದರೊಳಗೇ ಮಾತು ಹೊರಬಿತ್ತು: “ಪಗಾರ ಹೆಚ್ಚಾಗೇದ್ರಿ, ಖರೆ. ಆದ್ರ ಇಲ್ಲಿ ನಾ ಒಂದು ಬೋಲ್ಟ್ ಕೈಯಾಗ ಹಿಡದ್ರ ಯಾವ ಕಾರಖಾನಿದು ಅಂತ ಹೇಳ್ತಿದ್ದೆ. ಅಲ್ಲಿ ಮುಂಜಾನಿಂದ ಸಂಜೀತನಾ ತಕ್ತೆ ತುಂಬೂದು, ಮೀಟಿಂಗಿನಾಗ ಕೂಡೂದು. ಮನಿಗೆ ಬಂದ್ರ ಮಾತಾಡಾಕ ಏನೂ ಉಳದಿರೂದಿಲ್ಲ.”

ಅವರ ಮನೆಯವರು, ನಾವು ವೈನಿ ಎಂದು ಕರೆಯುವವರು, ಬಿ.ಕಾಂ. ಓದಿದ ಹೆಂಗಸು. ಅವರು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿ ತಂದಿದ್ದರು. ಅದನ್ನು ವಾಚಕರ ಮುಂದಿಡಲು ಅವರ ಒಪ್ಪಿಗೆ ಇದೆ. ಪುಣೆಯಲ್ಲಿ ದಿನಕ್ಕೆ 9 ತಾಸು ಕೆಲಸ, 1 ತಾಸು ಪ್ರಯಾಣ, ಒಟ್ಟು 10. ತಿಂಗಳಿಗೆ 26 ದಿನವೆಂದರೆ 260 ತಾಸು. 60,000ವನ್ನು ಅದರಿಂದ ಭಾಗಿಸಿದರೆ ತಾಸಿಗೆ ಸುಮಾರು 231 ರೂಪಾಯಿ. ಹೈದರಾಬಾದಿನಲ್ಲಿ ಹತ್ತೂವರೆ ತಾಸು ಕೆಲಸ, 3 ತಾಸು ಪ್ರಯಾಣ, ಒಟ್ಟು ಹದಿಮೂರೂವರೆ. 26 ದಿನಕ್ಕೆ 351 ತಾಸು. 85,000ವನ್ನು ಭಾಗಿಸಿದರೆ ತಾಸಿಗೆ 242. ನೂರಕ್ಕೆ 42ರ ಹೆಚ್ಚಳವು ನೂರಕ್ಕೆ 5ಕ್ಕೆ ಇಳಿಯಿತು! ಇಷ್ಟಕ್ಕೇ ಮುಗಿಯಲಿಲ್ಲ. ಹೆಚ್ಚಿದ ಬಾಡಿಗೆ, ಓಡಾಟ, ಮಗಳ ಶಾಲೆಯ ಬಸ್ಸು ಇವಕ್ಕೆಲ್ಲ ತಿಂಗಳಿಗೆ 8,000 ಹೆಚ್ಚು ಖರ್ಚು. ಅದನ್ನು ಕಳೆದರೆ 77,000, ತಾಸಿಗೆ 219. ಅಂದರೆ ಹಳೆಯ ನೌಕರಿಗಿಂತ ತಾಸಿಗೆ ಹನ್ನೆರಡು ರೂಪಾಯಿ ಕಡಿಮೆ ಬೆಲೆಗೆ ಅವರು ತಮ್ಮ ಆಯುಷ್ಯವನ್ನು ಮಾರುತ್ತಿದ್ದರು.

ಈ ಲೆಕ್ಕದಿಂದ ಎಲ್ಲ ಮನೆಗೂ ಇದೇ ಉತ್ತರ ಬರುವುದಿಲ್ಲ. ಮಗಳ ಮದುವೆಯ ಸಾಲವೋ ತಂದೆಯ ಔಷಧದ ಖರ್ಚೋ ತಲೆಯ ಮೇಲಿದ್ದರೆ ತಿಂಗಳ ಕೊನೆಗೆ ಉಳಿಯುವ ಒಟ್ಟು ಹಣವೇ ಮುಖ್ಯ. ತಾಸಿನ ಬೆಲೆ ಕಟ್ಟಿಕೊಂಡು ಏನು ಮಾಡೋಣ? ಆದರೂ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಬಾಯಲ್ಲಿ ಆಡುವ ಪಗಾರವೇ ಬೇರೆ, ಮನೆಗೆ ಮುಟ್ಟುವ ಪಗಾರವೇ ಬೇರೆ.

ನಮ್ಮ ಸ್ನೇಹಿತರು ಮತ್ತೂ ಮೂರು ತಿಂಗಳು ಕಾದರು. ಇಳಿತದ ಕಾಲವೇ ಇದ್ದೀತೆಂದು ನಾವೂ ಕಾಯಲು ಹೇಳಿದೆವು. ಮನಸ್ಸು ತಿರುಗಲಿಲ್ಲ. 2024ರ ಜನವರಿಯಲ್ಲಿ ಹಳೆಯ ಮೇಲಧಿಕಾರಿಗಳಿಗೆ ಪತ್ರ ಬರೆದರು. ಉತ್ತರ ಬಂತು. ಆದರೆ ಅವರ ಕುರ್ಚಿಯಲ್ಲಿ, ಅವರೇ ಕೈಹಿಡಿದು ಕೆಲಸ ಕಲಿಸಿದ್ದ ಮರಾಠಿ ಹುಡುಗನೊಬ್ಬ ಕುಳಿತಿದ್ದ. ಅವನ ಕೈಕೆಳಗೆ ಒಂದು ಜಾಗ ಖಾಲಿ ಇತ್ತು. 66,000 ರೂಪಾಯಿ ಪಗಾರ. ಬರುವುದಾದರೆ ಬನ್ನಿ ಎಂದಿದ್ದರು.

ಇಲ್ಲಿ ಲೆಕ್ಕದ ಹಾಳೆ ಕೆಲಸಕ್ಕೆ ಬಾರದಾಯಿತು. 43 ವರ್ಷದ ಮನುಷ್ಯ ತನ್ನ ಶಿಷ್ಯನಿಗೆ ರಜಾಚೀಟಿ ಬರೆದುಕೊಡುವುದೆಂದರೇನು? ಊಟದ ಕೋಣೆಯಲ್ಲಿ ಜನ ಏನೆಂದಾರು? ಎಂಟು ದಿನ ಅವರು ಈ ಮಾತನ್ನೇ ಮೆಲುಕು ಹಾಕಿದರು. ಒಂಬತ್ತನೆಯ ದಿನ ವೈನಿ ಹೇಳಿದರು: “ನಾಚಿಕಿ ಒಂದು ತಿಂಗಳದ್ದು ರೀ. ನೌಕರಿ ಇನ್ನೂ ಹದಿನೈದು ವರ್ಷದ್ದು.”

ಹೋದರು. ಮೊದಲ ವಾರವೇ ಮುಂಜಿಗೆಂದು ಎರಡು ದಿನದ ರಜೆ ಬೇಕಾಯಿತು. ಚೀಟಿ ಕೈಗಿತ್ತಾಗ ಆ ಹುಡುಗ ಎದ್ದು ನಿಂತು, “ಸಾಹೇಬ್, ನಿಮ್ಮ ರಜೆಗೆ ನಾನು ಹೇಗೆ ಸಹಿ ಹಾಕಲಿ?” ಎಂದನಂತೆ. “ಪೆನ್ನಿನಿಂದ ಹಾಕಪ್ಪಾ” ಎಂದರಂತೆ ಇವರು. ಇಬ್ಬರೂ ನಕ್ಕರು. ಆ ನಗೆಯಿಂದ ಎಲ್ಲವೂ ಸರಿಹೋಯಿತೆಂದು ನಾವು ಬರೆದರೆ ಸುಳ್ಳಾದೀತು. ಊಟದ ಕೋಣೆಯ ಪಿಸುಮಾತು ಕೆಲವು ತಿಂಗಳು ನಡೆಯಿತು. ವಾರ್ಷಿಕ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಕೆಳಗಿನಿಂದ ಎಣಿಸುವಲ್ಲಿತ್ತು. ಆದರೆ ಸಂಜೆ ಆರೂವರೆಗೆ ಮನೆಯಲ್ಲಿರುತ್ತಾರೆ, ಬೋಲ್ಟ್ ನೋಡಿ ಕಾರಖಾನೆಯ ಹೆಸರು ಹೇಳುತ್ತಾರೆ, ಮಗಳೊಡನೆ ಮಾತಾಡಲು ಅವರ ಹತ್ತಿರ ವಿಷಯವಿದೆ.

ಎರಡನೆಯದು ಚೆನ್ನೈಯ ಮನೆ. ಮಂಗಳೂರಿನ ಕಡೆಯ ಹುಡುಗಿ, ದಾದಿಯ ಕೆಲಸ. ಸಣ್ಣ ಶುಶ್ರೂಷಾಲಯವನ್ನು ಬಿಟ್ಟು ದೊಡ್ಡ ಆಸ್ಪತ್ರೆಗೆ ಸೇರಿದಳು. ಮೊದಲ ನಾಲ್ಕು ತಿಂಗಳು ದಿನವೂ ಅಮ್ಮನಿಗೆ ಫೋನು ಮಾಡಿ ಅತ್ತವಳು. ಹಿಂದಿನ ಕಡೆಯವರು ‘ಬಾ ಮಗಳೇ’ ಎಂದು ಕರೆದೂ ಇದ್ದರು. ಆದರೆ ಅವಳು ಅಳುವಿನ ಕಾರಣವನ್ನು ಒಂದು ದಿನ ಕುಳಿತು ಯೋಚಿಸಿದಳು. ಕೆಲಸ ಕಷ್ಟವೆನಿಸುತ್ತಿರಲಿಲ್ಲ, ಊಟಕ್ಕೆ ಜೊತೆಗೆ ಕೂಡುವವರು ಇಲ್ಲದಿದ್ದುದು ಕಷ್ಟವಾಗಿತ್ತು. ರಾತ್ರಿಪಾಳಿಯಲ್ಲಿ ಇನ್ನೊಬ್ಬ ದಾದಿಯ ಸ್ನೇಹವಾಯಿತು. ಎಂಟನೆಯ ತಿಂಗಳಿನಲ್ಲಿ ಅವಳ ತಾಯಿಯನ್ನು ನಾವು ವಿಚಾರಿಸಿದಾಗ, “ಈಗ ಫೋನು ಮಾಡುವುದಕ್ಕೇ ಅವಳಿಗೆ ಪುರಸತ್ತಿಲ್ಲ ಮಾರಾಯ್ರೆ” ಎಂದು ಆ ತಾಯಿ ದೂರಿದರು! ಹಿಂದಕ್ಕೆ ಹೋಗಿದ್ದರೆ ಅವಳು ಕಲಿಯಬೇಕಾದ ಎಷ್ಟೋ ವಿದ್ಯೆ ಕಲಿಯದೆ ಉಳಿಯುತ್ತಿತ್ತು.

ಮೂರನೆಯದು ದೆಹಲಿಯ ಒಬ್ಬರದು. ಇವರೂ ಪತ್ರ ಬರೆದರು. ಹಳೆಯ ಕಚೇರಿಯಿಂದ ಉತ್ತರವೇ ಬರಲಿಲ್ಲ. ಕಾರಣವನ್ನು ಅವರೇ ಬಲ್ಲರು: ಬಿಡುವ ದಿನ ಬೀಳ್ಕೊಡುಗೆಯ ಚಹಾಕೂಟದಲ್ಲಿ ಮೇಲಧಿಕಾರಿಯ ಬಗ್ಗೆ ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಎಲ್ಲರೆದುರಿಗೆ ಆಡಿಬಿಟ್ಟಿದ್ದರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಆಡಿದ ಮಾತು ನಿಜವೇ ಇದ್ದೀತು. ಆದರೆ ಬಿಟ್ಟುಹೋಗುವ ಮನೆಯ ಬಾಗಿಲನ್ನು ಮೆಲ್ಲಗೆ ಮುಚ್ಚುವುದು ಒಳ್ಳೆಯದು. ಜಡಿದು ಹೋದರೆ ಚಿಲಕವೇ ಮುರಿದುಹೋಗುತ್ತದೆ.

ಈ ಮೂರರಿಂದ ನಮಗೆ ಹೊಳೆದದ್ದು ಇಷ್ಟು. ‘ಹಳೆಯದು ಬೇಕು’ ಎಂದು ಮನಸ್ಸು ಹೇಳುವಾಗ ಅದು ಕೇಳುತ್ತಿರುವುದು ಯಾವುದನ್ನು ಎಂದು ಮೊದಲು ತಿಳಿಯಬೇಕು. ಆ ಕೆಲಸವನ್ನೇ ಕೇಳುತ್ತಿದ್ದರೆ ಹಿಂತಿರುಗುವ ಯೋಚನೆಗೆ ಅರ್ಥವಿದೆ. ಜೊತೆಗಾರರನ್ನು ಕೇಳುತ್ತಿದ್ದರೆ, ಅವರು ಇನ್ನೂ ಅಲ್ಲಿದ್ದಾರೆಯೇ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ಬರಿಯ ಕುರ್ಚಿ ಮೇಜುಗಳಿಗಾಗಿ ಹಿಂತಿರುಗಿದಂತಾದೀತು. ಆ ದಿನಗಳ ತನ್ನ ಪ್ರಾಯವನ್ನೇ, ಅಪ್ಪ ಅಮ್ಮ ಬದುಕಿದ್ದ ಕಾಲವನ್ನೇ ಕೇಳುತ್ತಿದ್ದರೆ, ಅದನ್ನು ಯಾವ ಕಚೇರಿಯೂ ಮರಳಿ ಕೊಡಲಾರದು.

ಕೆಲವು ಸಲ ಹಳೆಯ ಕಚೇರಿಯೇ ಉಳಿದಿರುವುದಿಲ್ಲ. 2018ರಲ್ಲಿ ವಿಜಯಾ ಬ್ಯಾಂಕನ್ನು ಬಿಟ್ಟವರು ಇಂದು ಅಲ್ಲಿಗೆ ಮರಳಲಾರರು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡದಲ್ಲಿ ಕೂಡಿಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ನಮ್ಮ ಕರಾವಳಿಯ ಮನೆಮನೆಯ ಮಾತಾಗಿದ್ದ ಹೆಸರುಗಳು! ಮುಂಬಯಿಯ ಹಿರಿಯರನ್ನು ಕೇಳಿದರೆ 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಕಥೆ ಹೇಳುತ್ತಾರೆ. ನಾಳೆ ಒಳಗೆ ಹೋಗುತ್ತೇವೆಂದು ಹೊರಗೆ ನಿಂತವರಲ್ಲಿ ಎಷ್ಟೋ ಸಾವಿರ ಮಂದಿಗೆ ಆ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಆದಕಾರಣ ನೆನಪಿನ ಕಚೇರಿಗೆ ಅರ್ಜಿ ಬರೆಯಬಾರದು. ಈಗ ಇರುವ ಕಚೇರಿಗೆ ಬರೆಯಬೇಕು. ಅಲ್ಲಿ ಯಾರಿದ್ದಾರೆ, ಯಾವ ಕೆಲಸ ಉಳಿದಿದೆ, ಯಾವುದು ಯಂತ್ರದ ಪಾಲಾಗಿದೆ ಎಂದು ವಿಚಾರಿಸಿಕೊಂಡೇ ಹೆಜ್ಜೆ ಇಡಬೇಕು.

ಇನ್ನು ಕಾನೂನಿನ ಮಾತು. ಇದು ಸ್ವಲ್ಪ ಒಣಗಿದ್ದು, ಆದರೂ ಮನೆವಾರ್ತೆಗೆ ಅವಶ್ಯವಾದದ್ದು.

ಭವಿಷ್ಯನಿಧಿಯ ಹಣವನ್ನು ನೌಕರಿ ಬದಲಾದಾಗ ಬಿಡಿಸಿಕೊಂಡು ಖರ್ಚು ಮಾಡುವವರು ಬಹಳ. ಹಾಗೆ ಮಾಡದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳುವುದು ಮೇಲು. 2014ರಿಂದ ಸದಸ್ಯರಿಗೆ ಒಂದೇ ಸರ್ವಕಾಲಿಕ ಸಂಖ್ಯೆ ಇರುವುದರಿಂದ ಇದು ಮೊದಲಿನಷ್ಟು ತ್ರಾಸದಾಯಕವಲ್ಲ. ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಐದು ವರ್ಷ ತುಂಬುವ ಮೊದಲೇ ಬಿಡಿಸಿಕೊಂಡರೆ ಸಾಮಾನ್ಯವಾಗಿ ಅದಕ್ಕೆ ಆದಾಯ ತೆರಿಗೆ ತಗಲುತ್ತದೆ. ಆ ಯೋಜನೆಯ ಮಾಸಿಕ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಹೋಗಿ ಬರುವ ಗಡಿಬಿಡಿಯಲ್ಲಿ ಆ ಎಣಿಕೆಯನ್ನು ಕಳೆದುಕೊಳ್ಳಬಾರದು.

ಗ್ರಾಚ್ಯುಟಿಯ ಕಥೆ ಬೇರೆ. ಅದು ವರ್ಗಾವಣೆಯಾಗುವ ವಸ್ತುವಲ್ಲ. 1972ರ ಕಾಯಿದೆಯಂತೆ ಕಾಯಂ ನೌಕರನು ರಾಜೀನಾಮೆ ಕೊಟ್ಟು ಹೋಗುವುದಾದರೆ ಒಂದೇ ಕಡೆ ಐದು ವರ್ಷಗಳ ಎಡೆಬಿಡದ ಸೇವೆ ಇರಬೇಕಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನಿಶ್ಚಿತ ಅವಧಿಯ ಕರಾರಿನ ನೌಕರರಿಗೆ ಒಂದು ವರ್ಷದ ಸೇವೆಗೂ ಅದು ಗ್ರಾಚ್ಯುಟಿಯನ್ನು ಕೊಡಿಸುತ್ತದೆ. ಕಾಯಂ ನೌಕರರಿಗೆ ಐದು ವರ್ಷದ ನಿಯಮವೇ ಮುಂದುವರಿದಿದೆ. ಲೆಕ್ಕವೂ ಮೊದಲಿನದೇ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಲೆಕ್ಕಕ್ಕೆ ಬರುವ ವೇತನ 30,000 ಇದ್ದು 16 ವರ್ಷ ದುಡಿದವನಿಗೆ ಸುಮಾರು 2,76,900 ರೂಪಾಯಿ ಸಿಕ್ಕುತ್ತದೆ. ಸರಿ, ಸಿಕ್ಕಿತು. ಆದರೆ ಅದೇ ಮನುಷ್ಯ ಬಿಡದೆ ಮುಂದುವರಿದು, ನಿವೃತ್ತಿಯ ಹೊತ್ತಿಗೆ ಆ ವೇತನ 60,000 ಆಗಿದ್ದರೆ, ಮೊದಲ 16 ವರ್ಷಗಳಿಗೂ 60,000ದ ಮೇಲೆಯೇ ಲೆಕ್ಕವಾಗಿ ಅದರ ಇಮ್ಮಡಿ ಬರುತ್ತಿತ್ತು. ನಡುವೆ ಬಿಟ್ಟು ಬಂದವನ ಹಳೆಯ ವರ್ಷಗಳು ಹಳೆಯ ಬೆಲೆಗೇ ಮಾರಿಹೋದವು. ಮರಳಿ ಸೇರಿದ ದಿನದಿಂದ ಹೊಸ ಐದು ವರ್ಷಗಳ ಎಣಿಕೆ ಆರಂಭ. ಮರಳುವ ಮುನ್ನ ಇದನ್ನೂ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದುಕೊಳ್ಳುವುದು ಲೇಸು.

ಸರ್ಕಾರಿ ನೌಕರರ ಹಾದಿ ಇನ್ನೊಂದು. ಕೇಂದ್ರ ಸರ್ಕಾರದ ಕಾಯಂ ನೌಕರನು ತನ್ನ ಇಲಾಖೆಯ ಮೂಲಕವೇ ಅರ್ಜಿ ಹಾಕಿ ಇನ್ನೊಂದು ಸರ್ಕಾರಿ ಇಲಾಖೆಗೆ ಆಯ್ಕೆಯಾದರೆ, ಲೀನ್ ಎಂದು ಕಚೇರಿಯವರು ಕರೆಯುವ ಹಳೆಯ ಹುದ್ದೆಯ ಮೇಲಿನ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಉಳಿಯುತ್ತದೆ. ಹೊಸದು ಒಗ್ಗದಿದ್ದರೆ ಆ ಅವಧಿಯೊಳಗೆ ಮರಳಬಹುದು. ಹಾಗಲ್ಲದೆ ರಾಜೀನಾಮೆಯನ್ನೇ ಕೊಟ್ಟು ಖಾಸಗಿ ಕಂಪನಿಗೆ ಹೋದವನಿಗೆ ಈ ಬಾಗಿಲಿಲ್ಲ. ಬೇರೆ ಕಾರಣಗಳಿಂದ ಕೊಟ್ಟ ರಾಜೀನಾಮೆಯನ್ನು ಹಿಂತೆಗೆದುಕೊಳ್ಳಲು ಪಿಂಚಣಿ ನಿಯಮಗಳಲ್ಲಿ ತೊಂಬತ್ತು ದಿನಗಳ ಮಿತಿಯೊಂದಿದೆ. ಖಾಸಗಿ ಕಂಪನಿಯ ಕೆಲಸಕ್ಕಾಗಿ ಕೊಟ್ಟ ರಾಜೀನಾಮೆಗೆ ಆ ಅನುಕೂಲವೂ ಇಲ್ಲ. ದೆಹಲಿಯ ವಾಚಕರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಖಾಸಗಿ ಸಂಸ್ಥೆಗಳಲ್ಲಿ ಹೀಗೆ ಬರೆದಿಟ್ಟ ಹಕ್ಕಿಲ್ಲ, ಆದರೆ ಮನಸ್ಸಿಗೆ ಎಡೆ ಉಂಟು. 2021ರಿಂದ ಎರಡು ವರ್ಷಗಳ ಕಾಲ ಜಗತ್ತಿನಲ್ಲೆಲ್ಲ ನೌಕರಿ ಬಿಡುವವರ ಮಹಾಪೂರವೇ ಹರಿಯಿತು. ಆಂಥನಿ ಕ್ಲಾಟ್ಸ್ ಎಂಬ ಅಮೆರಿಕದ ಪ್ರಾಧ್ಯಾಪಕರು ಅದಕ್ಕೆ ‘ಮಹಾ ರಾಜೀನಾಮೆ’ ಎಂಬ ಅರ್ಥದ ಹೆಸರನ್ನೇ ಇಟ್ಟರು. 1981ರಲ್ಲಿ ನಮ್ಮ ಪುಣೆಯಲ್ಲಿಯೇ ಹುಟ್ಟಿ ತರುವಾಯ ಬೆಂಗಳೂರಿಗೆ ಹೋದ ಇನ್ಫೋಸಿಸ್ ಸಂಸ್ಥೆ ಸಹ, 2022ರ ಮಾರ್ಚಿಗೆ ಮುಗಿದ ವರ್ಷದಲ್ಲಿ ತನ್ನ ನೌಕರರು ನೂರಕ್ಕೆ 27.7ರ ಪ್ರಮಾಣದಲ್ಲಿ ಬಿಟ್ಟುಹೋದರೆಂದು ಪ್ರಕಟಿಸಿತು. ಹೀಗೆ ಹೋದವರಲ್ಲಿ ಮರಳಿ ಬರುವವರಿಗೆ ಕಂಪನಿಗಳ ಭಾಷೆಯಲ್ಲಿ ಈಗ ‘ಬೂಮರಾಂಗ್ ನೌಕರ’ ಎಂಬ ಹೆಸರೇ ಇದೆ. ಹೆಸರಿಡುವಷ್ಟು ಜನ ಮರಳುತ್ತಿದ್ದಾರೆಂದ ಮೇಲೆ ಒಬ್ಬನೇ ನಾಚಿ ಕುಳಿತುಕೊಳ್ಳುವುದು ಏತಕ್ಕೆ? ಕಲಿಸಬೇಕಾಗಿಲ್ಲದ ಕೆಲಸಗಾರ ಯಾವ ಮೇಲಧಿಕಾರಿಗೂ ಲಾಭವೇ.

ಕೇಳುವ ರೀತಿ ಮಾತ್ರ ಸರಿಯಾಗಿರಬೇಕು. ಹೊಸ ಕಡೆಯ ನೌಕರಿಯನ್ನು ಬಿಡುವ ಮೊದಲೇ ಕೇಳಬೇಕು. ಎರಡು ದೋಣಿಯೂ ಕೈತಪ್ಪಬಾರದು. ಹೊಸಬರನ್ನು ಬೈದು ಹಳಬರನ್ನು ಹೊಗಳಬಾರದು; ಇವನು ನಾಳೆ ನಮ್ಮನ್ನೂ ಹೀಗೆಯೇ ಬೈದಾನೆಂದು ಕೇಳುವವರು ಅಂದುಕೊಳ್ಳುತ್ತಾರೆ. ‘ನನ್ನ ಕುರ್ಚಿ ಕೊಡಿ’ ಎನ್ನದೆ ‘ನಿಮಗೆ ನನ್ನಿಂದ ಆಗುವ ಕೆಲಸ ಏನಾದರೂ ಇದ್ದರೆ ತಿಳಿಸಿ’ ಎಂದು ಕೇಳಬೇಕು. ಹೊರಗೆ ಕಲಿತು ಬಂದದ್ದನ್ನು ಎರಡು ಸಾಲಿನಲ್ಲಿ ಹೇಳಬೇಕು. ಸಿಕ್ಕ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಬೇಕು. ಇಲ್ಲವೆಂದರೆ ಕೃತಜ್ಞತೆ ಹೇಳಿ, ಮತ್ತೆ ಮತ್ತೆ ತಟ್ಟಬಾರದು.

ಇಲ್ಲವೆಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನು ನೋಡಿ. ಅವರದು ಪಗಾರದ ಕಥೆಯಲ್ಲ. ಆದರೂ ಬಿಡುವುದು, ಮರಳುವುದು ಇವುಗಳ ಪಾಠ ಅದರಲ್ಲಿದೆ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿ, ಪುಣೆಯ ಖಡಕವಾಸ್ಲಾ ಅಣೆಕಟ್ಟಿಗೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಮಾಡಿ ಹೆಸರಾಗಿದ್ದವರು, 1908ರಲ್ಲಿ ಆ ಸೇವೆಯನ್ನು ಬಿಟ್ಟರು. ಅದೇ ವರ್ಷ ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹವಾಗಿ, ನಿಜಾಮ ಸರ್ಕಾರ ಅವರನ್ನು ಕರೆಯಿತು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರು, 1912ರಲ್ಲಿ ದಿವಾನರು. 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಮತ್ತೆ ಅದೇ ಸಂಸ್ಥಾನಕ್ಕೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಂಡಲಿಯ ಅಧ್ಯಕ್ಷರಾಗಿ ಬಂದರು. ದಿವಾನರಾಗಿದ್ದವರು ಒಂದು ಕಾರ್ಖಾನೆಯ ಲೆಕ್ಕ ನೋಡುವುದೇ ಎಂದು ಅವರು ಕುರ್ಚಿಯ ಎತ್ತರವನ್ನು ಅಳೆಯಲಿಲ್ಲ. ಬಿಟ್ಟ ಕುರ್ಚಿಗೇ ಮರಳಬೇಕೆಂಬ ಹಟವಿಲ್ಲದವರಿಗೆ ಮರಳುವ ದಾರಿ ಅಗಲವಾಗಿರುತ್ತದೆ.

ಕಡೆಗೆ ಮನೆಯವರಿಗೆ ಎರಡು ಮಾತು. ನಿಮ್ಮ ಮನೆಯಲ್ಲಿ ಹೀಗೆ ಹೊರಳಾಡುವವರೊಬ್ಬರಿದ್ದರೆ ‘ಅವತ್ತೇ ಹೇಳಿದ್ದೆ’ ಎಂಬ ಮಾತನ್ನು ದಯಮಾಡಿ ನುಂಗಿಕೊಳ್ಳಿ. ಅದರಿಂದ ಯಾವ ಕುರ್ಚಿಯೂ ಮರಳಿ ಬಂದದ್ದಿಲ್ಲ. ಎದುರಿಗೆ ಕುಳಿತು, ಹಾಳೆ ಹಿಡಿದು, ತಾಸಿನ ಲೆಕ್ಕ ಹಾಕಿ. ಹೆಚ್ಚಿದ ಪಗಾರಕ್ಕೆ ಒಗ್ಗಿಹೋದ ಖರ್ಚುಗಳಲ್ಲಿ ಯಾವುದನ್ನು ಬಿಡಬಲ್ಲೆವು ಎಂದು ನೀವೇ ಮೊದಲು ಹೇಳಿ. ದುಡಿಯುವವರ ಬಾಯಿ ಕಟ್ಟಿರುವುದು ಅನೇಕ ವೇಳೆ ಅಲ್ಲಿಯೇ: ಮಗನಿಗೆ ಕೊಡಿಸಿದ ಸೈಕಲ್ಲನ್ನು, ಅತ್ತೆಗೆ ಹಿಡಿದ ದೊಡ್ಡ ವೈದ್ಯರನ್ನು ನೆನೆದು ಅವರು ಸುಮ್ಮನಿರುತ್ತಾರೆ. ‘ನೀವು ಮರಳಿದರೆ ನಮಗೆ ನಡೆಯುತ್ತದೆ’ ಎಂಬ ಒಂದು ಮಾತು, ಅಥವಾ ‘ಇನ್ನು ಆರು ತಿಂಗಳು ನೋಡೋಣ, ನಾವಿದ್ದೇವೆ’ ಎಂಬ ಒಂದು ಮಾತು, ಎರಡರಲ್ಲಿ ಯಾವುದಾದರೂ ಸರಿ, ಆಡಿ ನೋಡಿ. ಆ ರಾತ್ರಿ ಅವರಿಗೆ ನಿದ್ದೆ ಬರುತ್ತದೆ. ನಿದ್ದೆ ಬಂದ ಮೇಲೆ ಬೆಳಿಗ್ಗೆ ತೀರ್ಮಾನವೂ ಬರುತ್ತದೆ.

ಸಂಘದ ಬಂಧುಗಳಿಗೂ ಒಂದು ಬಿನ್ನಹ. ಯಾರಾದರೂ ಊರು ಬಿಟ್ಟು ಹೋಗಿ ಒಂಬತ್ತು ತಿಂಗಳಿಗೆ ಮರಳಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ, ‘ಯಾಕೆ ಬಂದಿರಿ?’ ಎನ್ನದೆ ‘ಯಾವಾಗ ಬಂದಿರಿ?’ ಎಂದು ಕೇಳೋಣ. ಮುಂದಿನ ಸಾಲಿಗೆ ಕರೆಯೋಣ. ಹೋದವರಿಗೆ ಹಂಚಿದ ಪೇಢೆಯ ಬಾಕಿ, ಬಂದವರಿಗೂ ಒಂದು ಇರಲಿ.

ಮುಂದಿನ ಸಂಚಿಕೆಯಲ್ಲಿ ಪರಸ್ಥಳದ ಮನೆಗೆ ಊರಿನಿಂದ ಬಂದು ನೆಲೆಸುವ ವೃದ್ಧ ತಾಯಿತಂದೆಗಳ ವಿಚಾರವನ್ನು ಎತ್ತಿಕೊಳ್ಳಬೇಕೆಂದಿದ್ದೇವೆ. ವಾಚಕರು ತಮ್ಮ ಅನುಭವಗಳನ್ನು ಹೆಸರು ಊರುಗಳಿಲ್ಲದೆಯೂ ಬರೆದು ಕಳುಹಿಸಬಹುದು.